ಕೌಲು ಕೊಟ್ಟ ನಾತಾಳದ ಗಿಡ

ಅರವತ್ತೊಂಬತ್ತು ವರ್ಷ ಬದುಕಿದ್ದೇನೆ, ಹೋದ ಡಿಸೆಂಬರಿನವರೆಗೆ ಒಂದು ಗಿಡಕ್ಕೂ ದುಡ್ಡು ಕೊಟ್ಟವಳಲ್ಲ. ನಮ್ಮ ಕಡೆ ಗಿಡವನ್ನು ಕೇಳಿ ತರುತ್ತಾರೆ. ಕೇಳಿದರೆ ಕೊಡದ ಮನೆಯಾದರೆ ಬೇಲಿಯ ಹತ್ತಿರ ಕ್ಷೇಮಸಮಾಚಾರ ಮಾತಾಡುತ್ತ ನಿಂತು, ಒಂದು ಟೊಂಗೆಯನ್ನು ಮೆಲ್ಲಗೆ ಮುರಿದು ಸೆರಗಿನೊಳಗೆ ಹಾಕಿಕೊಂಡು ಬರುತ್ತಾರೆ. ಕದ್ದು ತಂದ ಗಿಡ ಚೆನ್ನಾಗಿ ಚಿಗುರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ಕದ್ದವರೇ ಹುಟ್ಟಿಸಿರಬೇಕು. ಅದೇನೇ ಇರಲಿ, ದುಡ್ಡು ಕೊಟ್ಟು ಗಿಡ ತರುವುದೆಂದರೆ ನಮಗೆ ದುಡ್ಡು ಕೊಟ್ಟು ಕರಿಬೇವು ತಂದ ಹಾಗೆ. ಆ ಮನೆಗೆ ನೆರೆಹೊರೆ ಇಲ್ಲ ಎಂದು ಅರ್ಥ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಐದಕ್ಕೆ ಹೋಗಬೇಕಾದ ವರ್ಷ ಗದ್ದೆಯಲ್ಲಿ ನಾಟಿ ಇತ್ತು. ನಾಟಿ ಮುಗಿಯುವಷ್ಟರಲ್ಲಿ ಶಾಲೆ ನನ್ನನ್ನು ಮರೆತಿತ್ತು, ನಾನೂ ಅದನ್ನು ಮರೆತಿದ್ದೆ. ಯಾರೂ ಅತ್ತಿಲ್ಲ. ಹಾಗಾಗಿ ಗಿಡದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಕೈಯಿಂದ ಗೊತ್ತಿರುವುದು. ಪುಸ್ತಕದಲ್ಲಿ ಬೇರೆ ಥರ ಇದ್ದರೆ ಪುಸ್ತಕವನ್ನೇ ಇಟ್ಟುಕೊಳ್ಳಿ.

ಇಂಥವಳು ನರ್ಸರಿಗೆ ಹೋಗಿ ಕ್ರಿಸ್ಮಸ್ ಗಿಡ ಆರಿಸಿದ ಕತೆ ಇದು. ಅದಕ್ಕೆ ಕಾರಣ ಕಾರ್ಮೆಲಿನ್.

ಕಾರವಾರದ ಹಬ್ಬುವಾಡದಲ್ಲಿ ನನ್ನ ಮನೆಗೂ ಕಾರ್ಮೆಲಿನ್ ಮನೆಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಅವಳ ಹಿತ್ತಲಲ್ಲಿ ನೆಲ್ಲಿ ಮರ ಇದೆ. ತುಳಸಿ ಮದುವೆಗೆ ತುಳಸಿಯ ಪಕ್ಕ ನೆಲ್ಲಿ ಟೊಂಗೆ ನೆಡಬೇಕಲ್ಲ, ಅದನ್ನು ಅವಳು ಪ್ರತಿ ಕಾರ್ತಿಕದಲ್ಲಿ ಕಾಯಿ ಇರುವ ಟೊಂಗೆಯನ್ನೇ ಆರಿಸಿ ಕಡಿಸಿ ಕೊಡುತ್ತಾಳೆ. ಅದಕ್ಕೆ ಬದಲು ಅವಳ ನಾತಾಳಕ್ಕೆ, ಅಂದರೆ ನೀವು ಕ್ರಿಸ್ಮಸ್ ಎನ್ನುವ ಹಬ್ಬಕ್ಕೆ, ನಾನು ಗಾಳಿಮರದ ತುದಿ ತರಿಸಿ ಕೊಡುತ್ತೇನೆ. ಅಮದಳ್ಳಿಯಲ್ಲಿ ನನ್ನ ತವರಿನ ಮರಳು ಜಾಗದಲ್ಲಿ ಗಾಳಿಮರ ಸಾಲಾಗಿ ಇದ್ದವು. ಆ ತುದಿಯನ್ನು ಡಬ್ಬದ ಮರಳಲ್ಲಿ ನಿಲ್ಲಿಸಿ, ಹತ್ತಿ ಅಂಟಿಸಿ, ನಕ್ಷತ್ರ ಕಟ್ಟಿದರೆ ಅದೇ ಅವಳ ಕ್ರಿಸ್ಮಸ್ ಮರ. ಮೂವತ್ತೊಂದು ವರ್ಷ ಹೀಗೆ ನಡೆಯಿತು. ನಾವಿಬ್ಬರು ಜಗಳ ಆಡಿ ಮಾತು ಬಿಟ್ಟ ಎರಡು ವರ್ಷಗಳಲ್ಲೂ ನಡೆಯಿತು. ಆಗ ಟೊಂಗೆಯನ್ನು ಗೋಡೆಯ ಮೇಲೆ ಇಟ್ಟು ಕೆಮ್ಮಿ ಹೋಗುತ್ತಿದ್ದೆವು.

ಹೋದ ವರ್ಷ ನನ್ನ ತಮ್ಮ ಗಾಳಿಮರ ಎಲ್ಲವನ್ನೂ ಕಂಬಕ್ಕೆಂದು ಕಡಿಸಿದ. ಬೈಯುವ ಹಾಗಿಲ್ಲ, ಅವನ್ನು ನೆಟ್ಟದ್ದೇ ಕಡಿಯಲಿಕ್ಕೆ. ಆದರೆ ನನಗೆ ತುದಿ ಇಲ್ಲ. ಅದೇ ಕಾರ್ತಿಕದಲ್ಲಿ ನೆಲ್ಲಿ ಟೊಂಗೆ ಕೊಡಲು ಗೋಡೆಯ ಹತ್ತಿರ ಬಂದದ್ದು ಕಾರ್ಮೆಲಿನ್ ಅಲ್ಲ, ಅವಳ ಸೊಸೆ ಶರಲ್. ಕಾರ್ಮೆಲಿನ್ ಮೊಣಕಾಲಿನ ಆಪರೇಶನ್ ಆಗಿ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು.

"ಆಯಿ, ಈ ಸಲ ಗಾಳಿಮರ ತರೂದು ಬೇಡ" ಅಂದಳು ಶರಲ್. "ಪ್ಲಾಸ್ಟಿಕ್ ಟ್ರೀ ತರಿಸಿದ್ದೆ. ಮಡಚಿ ಇಟ್ರೆ ಹತ್ತು ವರ್ಷ ಬತ್ತದೆ. ನಿಮ್ಮ ಮರದ ಎಲೆ ಉದುರಿ ಉದುರಿ, ಮೂರು ರಾಯರ ಹಬ್ಬದವರೆಗೆ ನಾನು ಗುಡಿಸೂದೇ ಆಗ್ತದೆ."

ಹುಡುಗಿ ಸುಳ್ಳು ಹೇಳಲಿಲ್ಲ. ಕಡಿದ ಗಾಳಿಮರ ನಾಲ್ಕು ದಿನಕ್ಕೆ ಕೆಂಪಾಗುತ್ತದೆ. ನಾತಾಳ ಕಳೆದು ಹನ್ನೆರಡು ದಿನಕ್ಕೆ ಬರುವ ಮೂರು ರಾಯರ ಹಬ್ಬದ ಹೊತ್ತಿಗೆ ಅದು ಮರ ಅಲ್ಲ, ಹಿಡಿಸೂಡಿ. ಆದರೆ ನಾನು ಕುರ್ಚಿಯಲ್ಲಿದ್ದ ಕಾರ್ಮೆಲಿನ್ ಕಡೆ ನೋಡಿದೆ. ಅವಳು ತನ್ನ ಮೊಣಕಾಲು ನೋಡುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಆ ಹೆಂಗಸು ನನ್ನ ಯಾವ ಮಾತಿಗೂ ಉತ್ತರ ಕೊಡದೆ ಬಿಟ್ಟವಳಲ್ಲ. ಅವತ್ತು ಬಾಯಿ ಬಿಡಲಿಲ್ಲ. ನನ್ನ ಕೈಯಲ್ಲಿ ಅವಳ ನೆಲ್ಲಿ ಟೊಂಗೆ ಇತ್ತು. ಇದಕ್ಕೆ ಬದಲು ಕೊಡದೆ ಮುಂದಿನ ಕಾರ್ತಿಕದಲ್ಲಿ ಯಾವ ಮುಖ ಇಟ್ಟುಕೊಂಡು ಕೈ ಚಾಚಲಿ? ಒಂದು ಸಲ ನಿಂತದ್ದು ನಿಂತೇ ಹೋಗುತ್ತದೆ. ಸಂಬಂಧಗಳೂ ಬಾವಿಯ ಪಂಪಿನ ಹಾಗೆ.

"ಮರ ಬತ್ತದೆ" ಅಂದೆ. "ಬೇರು ಇದ್ದ ಮರವೇ ಬತ್ತದೆ. ಮೂರು ರಾಯರ ಹಬ್ಬದೊಳಗೆ ಒಂದು ಎಲೆ ಉದುರಿದ್ರೆ ನಾನೇ ಬಂದು ನಿಮ್ಮನೆ ಕಸ ಗುಡಿಸ್ತೆ."

ಹೇಳಿದ ಮೇಲೆ ಮನೆಗೆ ಬಂದು, ಬೇರು ಇದ್ದ ಮರ ಎಲ್ಲಿ ಸಿಗುತ್ತದೆ ಎಂದು ಯೋಚಿಸಿದೆ. ನನ್ನ ಪದ್ಧತಿಯೇ ಹಾಗೆ, ಮೊದಲು ಬಾಯಿ, ಆಮೇಲೆ ತಲೆ.

ಹೆದ್ದಾರಿಯ ಬದಿಗೆ, ಅಂಕೋಲೆ ಪೇಟೆ ಇನ್ನೂ ಸ್ವಲ್ಪ ದೂರ ಇದೆ ಎನ್ನುವಲ್ಲಿ, ವಿಠೋಬ ಎಂಬವನ ನರ್ಸರಿ ಇದೆ. ಕರಿ ಈಶಾಡು ಮಾವಿನ ಕಸಿ ಗಿಡಕ್ಕೆ ಅವನು ಹೆಸರಾದವನು. ಡಿಸೆಂಬರ್ ಮೊದಲಲ್ಲಿ ಒಣಮೆಣಸಿಗೆಂದು ಅಂಕೋಲೆಗೆ ಹೋದವಳು ಬರುವಾಗ ಅಲ್ಲಿ ಬಸ್ಸಿಳಿದೆ. ಮುಂದಿನ ಸಾಲು ಪೂರ್ತಿ ಕ್ರಿಸ್ಮಸ್. ಕುಂಡಗಳಿಗೆ ಬಂಗಾರದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ್ದರು. ಮೊದಲಿಗೆ ಕೆಂಪು ಹೂವಿನ ಗಿಡಗಳು.

"ಕ್ರಿಸ್ಮಸ್ ಹೂ ಅಕ್ಕಾ, ಎರಡು ಒಯ್ಯಿ" ಅಂದ ವಿಠೋಬ. ಐವತ್ತರ ಆಸುಪಾಸಿನ ಮನುಷ್ಯ, ಕಿವಿಯಲ್ಲಿ ಪೆನ್ನು.

ನಾನು ಒಂದು ಎಲೆ ಚಿವುಟಿದೆ. ಹಾಲು ಬಂತು. ಬಗ್ಗಿ ನೋಡಿದರೆ ಹೂವೆಂದು ಅವನು ತೋರಿಸಿದ್ದು ಹೂವೇ ಅಲ್ಲ, ಕೆಂಪಾದ ಎಲೆ. ನಿಜವಾದ ಹೂ ನಡುವೆ ಸಾಸಿವೆ ಕಾಳಿನ ಹಾಗೆ ಮುದುಡಿ ಕೂತಿದೆ. ಮದುವೆಮನೆಯಲ್ಲಿ ಮದುಮಗಳಿಗಿಂತ ಅವಳ ಚಿಕ್ಕಮ್ಮಂದಿರೇ ಹೆಚ್ಚು ಬಂಗಾರ ಹೇರಿಕೊಂಡು ಓಡಾಡಿದ ಹಾಗೆ. "ಇದು ಕಳ್ಳಿ ಜಾತಿ, ತಮಾ. ಬೇಲಿಗೆ ಹಾಕು" ಅಂದೆ. ಆ ಹಾಲು ಎಂಥ ಅಂಟು ಎಂದರೆ ಮನೆಗೆ ಬಂದು ಎಣ್ಣೆ ಹಚ್ಚಿ ತಿಕ್ಕುವವರೆಗೆ ನನ್ನ ಎರಡು ಬೆರಳು ಬಿಡಲಿಲ್ಲ.

ಆಮೇಲೆ ಅವನು ಬಂಗಾರದ ಬಣ್ಣದ, ಗೋಪುರದ ಹಾಗೆ ನೆಟ್ಟಗೆ ಕತ್ತರಿಸಿದ ಗಿಡ ತೋರಿಸಿದ. ನೋಡಲು ಭಾರೀ ಚೆಂದ. ಚೆಂದದ್ದನ್ನು ಕಂಡಾಗ ಕಾರವಾರದ ಹೆಂಗಸು ಏನು ಮಾಡುತ್ತಾಳೆಂದು ಹೇಳುತ್ತೇನೆ ಕೇಳಿ. ಮೀನುಪೇಟೆಯಲ್ಲಿ ಬಂಗಡೆ ಹೊಳೆಯುತ್ತಿದ್ದರೆ ನಾವು ಮೈ ನೋಡುವುದಿಲ್ಲ, ಕಿವಿರು ಎತ್ತಿ ಒಳಗಿನ ಕೆಂಪು ನೋಡುತ್ತೇವೆ. ಹೊಳಪನ್ನು ಐಸೂ ಕೊಡುತ್ತದೆ, ಕೆಂಪನ್ನು ಕೊಡುವುದು ಸಮುದ್ರ ಮಾತ್ರ. ನಾನು ಆ ಗೋಪುರದ ಎಲೆಗಳನ್ನು ಎರಡೂ ಕೈಯಿಂದ ಬಿಡಿಸಿ ಒಳಗೆ ನೋಡಿದೆ. ಒಳಗೆಲ್ಲ ಒಣಗಿದ ಕಂದು ಕಡ್ಡಿ. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದದ್ದು, ನಮ್ಮ ಸೆಕೆಗೆ ಒಳಗಿನಿಂದ ಸಾಯುತ್ತಿತ್ತು. ಇನ್ನೊಂದನ್ನು ಬೇರು ನೋಡಲೆಂದು ಕುತ್ತಿಗೆ ಹಿಡಿದು ಪ್ಲಾಸ್ಟಿಕ್ ಕೊಟ್ಟೆಯಿಂದ ಅರ್ಧ ಎಳೆದೆ.

"ಅಕ್ಕಾ, ಅದು ಬಂಗಡೆ ಅಲ್ಲ" ಅಂದ ವಿಠೋಬ.

"ಬಂಗಡೆ ಆಗಿದ್ರೆ ಬೆಕ್ಕಿಗೆ ಹಾಕ್ಬಹುದಿತ್ತು" ಅಂದೆ.

ಅವನಿಗೆ ನಗು ಬಂತು. ನಕ್ಕ ವ್ಯಾಪಾರಿಯನ್ನು ನಂಬಬಹುದು. ಹಿಂದಿನ ಸಾಲಿಗೆ ಕರೆದುಕೊಂಡು ಹೋದ. ಅಲ್ಲಿ ಅವನೇ ಮೂರು ವರ್ಷ ಸಾಕಿದ ಏಳೆಂಟು ಗಿಡ ಇದ್ದವು. ಮಹಡಿ ಮಹಡಿಯಾಗಿ ಟೊಂಗೆ, ಒಂದೊಂದು ಟೊಂಗೆಯೂ ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ ಎರಡು ಕಡೆ ಸಮವಾಗಿ ಹರಡಿತ್ತು. ಅದರಲ್ಲಿ ನನ್ನ ಭುಜದೆತ್ತರದ ಒಂದು ಗಿಡಕ್ಕೆ ಏಳು ಮಹಡಿ. ಅತಿ ಕೆಳಗಿನ ಮಹಡಿಯೂ ಹಸಿರು. ಕುಂಡದ ಅಡಿಯ ತೂತಿನಿಂದ ಬಿಳಿ ಬೇರು ಹೊರಗೆ ಇಣುಕುತ್ತಿತ್ತು. ಸಮುದ್ರದ ಗಾಳಿಗೆ ಜಗ್ಗುವುದಿಲ್ಲ ಎಂದ ವಿಠೋಬ. ನಾನು ಟೊಂಗೆಯನ್ನು ಕೆಳಗಿನಿಂದ ಮೇಲಕ್ಕೆ ಜಗ್ಗಿ ಸವರಿದೆ. ಕೈಗೆ ಒಂದು ಎಲೆಯೂ ಬರಲಿಲ್ಲ. ಶರಲ್‌ಗೆ ಉತ್ತರ ಸಿಕ್ಕಿತು ಅಂದುಕೊಂಡೆ.

ನಾತಾಳಕ್ಕೆ ಎರಡು ದಿನ ಮುಂಚೆ ವಿಠೋಬನ ಟೆಂಪೊ ಕಾರವಾರಕ್ಕೆ ಬರುವುದಿತ್ತು, ದುಡ್ಡು ಅವತ್ತೇ ಕೊಟ್ಟು ಗಿಡ ಆಗ ಒಯ್ಯುವುದೆಂದಾಯಿತು. ಅಲ್ಲಿಯವರೆಗೆ ಬೇರೆಯವರು ಕಣ್ಣು ಹಾಕಬಾರದಲ್ಲ. ನಾನು ಚೀಲದಲ್ಲಿದ್ದ ಹಳೆ ಸೀರೆಯ ತುಂಡು ಹರಿದು ಗಿಡದ ಕಾಂಡಕ್ಕೆ ಕಟ್ಟಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಗಿಡ ಚೆಂದ ಇತ್ತು, ದೃಷ್ಟಿ ತಾಗೀತು ಎಂದು ಗಂಟಿನೊಳಗೆ ಈಗಷ್ಟೇ ಕೊಂಡ ಒಂದು ಒಣಮೆಣಸು, ಅವರ ಚಹಾ ಒಲೆಯಿಂದ ಆರಿಸಿದ ಒಂದು ಇದ್ದಿಲು ಇಟ್ಟು ಬಿಗಿದೆ. ಎಮ್ಮೆ ಕೊಟ್ಟಿಗೆಗೂ, ಹೊಸ ದೋಣಿಗೂ, ಬಾಣಂತಿ ಕೋಣೆಗೂ ಹೀಗೆ ಕಟ್ಟಿ ಕೈಗೆ ರೂಢಿಯಾಗಿದೆ. ಕೈ ಮಾಡಿದ ತಪ್ಪು ಅದು.

ಹೇಳಿದ ದಿನ ಬೆಳಿಗ್ಗೆಯೇ ನರ್ಸರಿಗೆ ಹೋದೆ. ಹಿಂದಿನ ಸಾಲಿನತ್ತ ಕಾಲಿಡುವಷ್ಟರಲ್ಲಿ ಅಲ್ಲಿ ನೀರು ಹಾಕುತ್ತಿದ್ದ ಸೋಮಿ ಎಂಬ ಕೆಲಸದ ಹೆಂಗಸು ಕೈ ಎತ್ತಿ ತಡೆದಳು.

"ಅಜ್ಜೀ, ಚಪ್ಪಲ್ ಅಲ್ಲೇ ಬಿಡಿ."

"ಎಂತಕ್ಕೆ?"

"ಮುಂದೆ ದೇವರು ಅದೆ."

ನೋಡಿದರೆ ನನ್ನ ಗಿಡ. ಕುಂಡಕ್ಕೆ ಅರಿಸಿನ ಕುಂಕುಮ, ಬುಡಕ್ಕೆ ದಾಸವಾಳ, ಎರಡು ಹೋಳು ತೆಂಗಿನಕಾಯಿ, ಊದುಬತ್ತಿಯ ಬೂದಿ. ಬೈಕಿನಲ್ಲಿ ಬಂದಿದ್ದ ಒಬ್ಬ ಗಿರಾಕಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಕೈ ಮುಗಿಯುತ್ತಿದ್ದ.

"ಯಾವ ದೇವರು?" ಎಂದು ಕೇಳಿದೆ.

"ಅದು ಗೊತ್ತಿಲ್ಲ" ಅಂದಳು ಸೋಮಿ. "ಯಾರೋ ಹರಕೆ ಬಟ್ಟೆ ಕಟ್ಟಿ ಹೋಗಿದ್ರು. ನನ್ನ ಆಡು ಎರಡು ದಿನ ಕಾಣೆ ಆಗಿತ್ತು. ಇಲ್ಲಿ ಒಂದು ಹೂ ಇಟ್ಟು ಹೇಳಿಕೊಂಡೆ. ಮಾರನೇ ದಿನ ತಾನಾಗೇ ಬಂತು."

"ಬಟ್ಟೆ ಕಟ್ಟಿದವಳು ನಾನೇ."

ಅವಳು ನೀರಿನ ಪೈಪು ಕೆಳಗಿಟ್ಟಳು. "ನಿಮ್ಮ ಮೈಮೇಲೆ ಬತ್ತದ್ಯಾ, ಅಜ್ಜೀ?"

"ಬತ್ತದೆ. ಸಂಧಿವಾತ."

ವಿಠೋಬ ಬಂದ. ಬಟ್ಟೆ ನಾನು ಕಟ್ಟಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಆಡು ಸಿಕ್ಕ ಸುದ್ದಿ ಊರಿಗೆ ಹಬ್ಬಿ, ಜನ ಬಂದು ಕಾಯಿ ಒಡೆದು ಹೋಗುವಾಗ ಒಂದೆರಡು ಗಿಡವನ್ನೂ ಒಯ್ಯುತ್ತಿದ್ದರು. "ಅಕ್ಕಾ, ನೀವೇ ಕಟ್ಟಿದ್ದು, ಇಲ್ಲ ಅನ್ನೂದಿಲ್ಲ. ಆದ್ರೆ ಆಡು ಬಂದದ್ದೂ ಸುಳ್ಳಲ್ಲ ಅಲ್ದಾ? ಈಗ ಹ್ಯಾಂಗೆ ಎಬ್ಬಿಸೂದು? ಬೇರೆ ಗಿಡ ಒಯ್ಯಿ. ಎರಡು ಕೆಂಪು ಹೂ ಮೇಲಿಂದ ಕೊಡ್ತೆ."

ಬೇರೆ ಗಿಡಗಳನ್ನು ನೋಡಿದೆ. ಒಂದರ ಕೆಳಗಿನ ಟೊಂಗೆ ಒಣಗಿತ್ತು, ಒಂದರ ತುದಿ ಮುರಿದಿತ್ತು, ಉಳಿದವು ಆಗಲೇ ಮಾರಿ ಹೋಗಿದ್ದವು. ಎರಡು ದಿನಕ್ಕೆ ನಾತಾಳ. ಹಬ್ಬುವಾಡದಲ್ಲಿ ಪ್ಲಾಸ್ಟಿಕ್ ಮರ ಪೆಟ್ಟಿಗೆಯಲ್ಲಿ ಕಾಯುತ್ತಿತ್ತು. ನಾನು ಬರಿಗೈಯಲ್ಲಿ ಹೋದರೆ ಅದು ಎದ್ದು ನಿಲ್ಲುತ್ತದೆ, ಮತ್ತೆ ಹತ್ತು ವರ್ಷ ಮಲಗುವುದಿಲ್ಲ. ಹತ್ತು ವರ್ಷ ನಾನೂ ಕಾರ್ಮೆಲಿನ್ನೂ ಇರುತ್ತೇವೆ ಎಂಬ ಖಾತ್ರಿ ಯಾರಿಗಿದೆ?

"ಇದೇ ಗಿಡ ಬೇಕು" ಅಂದೆ.

"ಗುನಗರನ್ನ ಕರೆಸಿ ಕೌಲು ಕೇಳ್ಬೇಕಾಗ್ತದೆ" ಅಂದ ವಿಠೋಬ. ಗುನಗರು ಎಂದರೆ ನಮ್ಮ ಊರ ದೇವರುಗಳ ಪೂಜಾರಿಗಳು. ಕೌಲು ಎಂದರೆ ದೇವರ ಒಪ್ಪಿಗೆ. ಮೂರ್ತಿಯ ಎರಡು ಕಡೆ ಒದ್ದೆ ಮಾಡಿದ ಹೂವಿನ ಎಸಳು ಅಂಟಿಸಿ ಕಾಯುವುದು. ದೇವರ ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನಮ್ಮಲ್ಲಿ ಮದುವೆ ನಿಂತದ್ದು, ದೋಣಿ ಕೊಂಡದ್ದು, ಬಾವಿ ತೋಡಿದ್ದು ಎಲ್ಲ ಕೌಲಿನ ಮೇಲೆ.

"ಗುನಗರಿಲ್ಲದೆ ಬಂದ ದೇವರು ಗುನಗರಿಲ್ಲದೇ ಹೋಗ್ತದೆ" ಅಂದೆ. "ಕಟ್ಟಿದವಳು ನಾನು. ಕೇಳುವವಳೂ ನಾನೇ."

ವಿಠೋಬ ಒಪ್ಪಿದ. ಆದರೆ ಸೋಮಿ ಬುದ್ಧಿವಂತೆ. "ಮರಕ್ಕೆ ಮುಖ ಯಾವ ಕಡೆಗದೆ, ಅಜ್ಜೀ? ಮುಖ ಗೊತ್ತಿಲ್ಲದೆ ಬಲ ಯಾವುದು, ಎಡ ಯಾವುದು?" ಎಂದು ಕೇಳಿದಳು. ಅಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಗಂಟು ಇದ್ದ ಕಡೆ ಮುಖ ಎಂದು ಹೇಳಿದೆ. ಹಾಗಾದರೆ ಮರದ ಬಲ ಎಂದರೆ ಎದುರು ನಿಂತ ನಮ್ಮ ಎಡ. ಮೂವರೂ ಒಪ್ಪಿದೆವು.

ದಾಸವಾಳದ ಎರಡು ಎಸಳು ತೆಗೆದುಕೊಂಡು ನಲ್ಲಿಗೆ ಹೋಗಿ ಒದ್ದೆ ಮಾಡಿ ತಂದೆ. ಒಂದನ್ನು ಕಾಂಡದ ಈ ಕಡೆ, ಒಂದನ್ನು ಆ ಕಡೆ ಅಂಟಿಸಿದೆ. ಸೋಮಿ ತಲೆ ಮೇಲೆ ಸೆರಗು ಹಾಕಿಕೊಂಡಳು. ವಿಠೋಬ ಕಿವಿಯ ಪೆನ್ನು ತೆಗೆದು ಜೇಬಿಗೆ ಹಾಕಿದ. ಹೆಲ್ಮೆಟ್ಟಿನವನೂ ಹೋಗದೆ ನಿಂತ. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು, ಏಳೂ ಮಹಡಿ ಅಲ್ಲಾಡಿತು, ಯಾವ ಎಸಳೂ ಬೀಳಲಿಲ್ಲ. ಇನ್ನೊಂದು ಹೋಯಿತು. ನನ್ನ ಮೊಣಕಾಲು ನೋಯತೊಡಗಿತು. ಆಮೇಲೆ ಯಾವ ಲಾರಿಯೂ ಇಲ್ಲದ ಹೊತ್ತಿನಲ್ಲಿ, ಮರದ ಬಲಗಡೆಯ ಎಸಳು ಮೆಲ್ಲಗೆ ಅಂಚು ಬಿಟ್ಟು ಕೆಳಗೆ ಬಿತ್ತು.

"ಕೊಟ್ತು" ಅಂದಳು ಸೋಮಿ.

ಈಗ ಒಂದು ವಿಷಯ ಬರೆಯಬೇಕು. ನಲ್ಲಿಗೆ ಹೋಗುವ ದಾರಿಯಲ್ಲಿ ಕೆಂಪು ಹೂವಿನ ಸಾಲು ಇತ್ತು. ಮರದ ಎಡಗಡೆಗೆ ಅಂಟಿಸಿದ ಎಸಳಿನ ಹಿಂದೆ ನೀರಿರಲಿಲ್ಲ, ಆ ಕಳ್ಳಿ ಜಾತಿಯ ಹಾಲಿತ್ತು. ಅದು ಇವತ್ತಿಗೂ ಆ ಕಾಂಡಕ್ಕೆ ಕಲೆಯಾಗಿ ಅಂಟಿಕೊಂಡಿದೆ. ಸೋಮಿ ಓದುವವಳಲ್ಲ. ವಿಠೋಬ ಓದಿದರೆ ಓದಲಿ, ಅವನ ಬಂಗಾರದ ಗೋಪುರಗಳ ಒಳಗನ್ನು ನಾನೂ ನೋಡಿದ್ದೇನೆ. ಪಾಪ ಅನ್ನುತ್ತೀರಾ? ನಾನು ಭದ್ರ ಮಾಡಿದ್ದು ಎಡಗಡೆಯನ್ನು ಮಾತ್ರ. ಬಲಗಡೆಯದನ್ನು ಬೀಳಿಸಲಿಲ್ಲ, ಬರೀ ನೀರಲ್ಲಿ ಅಂಟಿಸಿ ಬಿಟ್ಟಿದ್ದೆ. ಬೇಡ ಎಂದಿದ್ದರೆ ದೇವರು ಅದನ್ನೂ ಸಂಜೆವರೆಗೆ ನಿಲ್ಲಿಸಬಹುದಿತ್ತು. ಅಷ್ಟು ಅವಕಾಶ ನಾನು ಕೊಟ್ಟಿದ್ದೇನೆ.

ಬಟ್ಟೆ ಬಿಚ್ಚಿದಾಗ ಸೋಮಿ ಅದನ್ನು ಕೇಳಿದಳು. ಆಡಿನ ಕೊರಳಿಗೆ ಕಟ್ಟುತ್ತಾಳಂತೆ. ಕೊಟ್ಟೆ. "ಇದರ ಸಂಗಡ ಒಂದು ಹಗ್ಗವನ್ನೂ ಕಟ್ಟು" ಎಂದು ಹೇಳಿದೆ.

ಟೆಂಪೊದಲ್ಲಿ ಕಸಿ ಮಾವಿನ ನಡುವೆ ನನ್ನ ಗಿಡ ನಿಂತು ಬಂತು. ನಾನು ಡ್ರೈವರನ ಪಕ್ಕ ಕೂತು ಹತ್ತು ಸಲ ಹಿಂದಿರುಗಿ ನೋಡಿದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೂಡ ಅಷ್ಟು ನೋಡಿರಲಿಲ್ಲ. ಕಾರ್ಮೆಲಿನ್ ಮನೆ ಮುಂದೆ ಇಳಿಸಿದಾಗ ಶರಲ್ ಜಗಲಿಯಲ್ಲಿ ಪ್ಲಾಸ್ಟಿಕ್ ಮರವನ್ನು ಪೆಟ್ಟಿಗೆಯಿಂದ ತೆಗೆದು, ಯಾವ ಟೊಂಗೆ ಯಾವ ತೂತಿಗೆ ಎಂದು ಕಾಗದ ನೋಡಿ ಜೋಡಿಸುತ್ತಿದ್ದಳು. ಅರ್ಧ ಆಗಿತ್ತು. ಕಾರ್ಮೆಲಿನ್ ಕುರ್ಚಿಯ ಹಿಡಿ ಒತ್ತಿ ಎದ್ದು ನಿಂತಳು. ಆಪರೇಶನ್ ಆದ ಮೇಲೆ ಯಾರ ಕೈಯನ್ನೂ ಹಿಡಿಯದೆ ಅವಳು ಎದ್ದದ್ದು ಅವತ್ತೇ ಮೊದಲು ಎಂದು ಶರಲ್ ಆಮೇಲೆ ಹೇಳಿದಳು.

ಕಾರ್ಮೆಲಿನ್ ಕುಂಡದ ಮೇಲಿನ ಕುಂಕುಮ ನೋಡಿದಳು. "ಹೆಂ ಕಿತೆಂ ಗೊ?" ಅಂದಳು, ಇದೆಂಥದೇ ಎಂದು. "ನಾತಾಳಕ್ಕೆ ಮರ ತಾ ಅಂದ್ರೆ ದೇವಸ್ಥಾನ ತಂದಿಯಲ್ಲ."

ಕತೆ ಪೂರ್ತಿ ಹೇಳಿದೆ, ಹಾಲಿನ ವಿಷಯ ಸಮೇತ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು ಮತ್ತೆ ಕುರ್ಚಿಯಲ್ಲಿ ಕೂತಳು. ಕುಂಕುಮವನ್ನು ನಾನೇ ನೀರು ಹಾಕಿ ತೊಳೆದೆ. ಕೌಲು ಕೊಟ್ಟು ಹೋದ ದೇವರ ವಿಳಾಸವನ್ನು ಕುಂಡದ ಮೇಲೆ ಇಟ್ಟುಕೊಂಡು ಏನು ಮಾಡುವುದು?

ನಾತಾಳದ ದಿನ ಆ ಗಿಡ ನಿಂತ ಚೆಂದವನ್ನು ನಾನು ಬರೆಯುವುದಿಲ್ಲ, ಹಬ್ಬುವಾಡದವರನ್ನು ಕೇಳಿ. ಚಕ್ಕುಲಿ, ನೇವರಿ ಹಿಡಿದು ಬಂದವರೆಲ್ಲ ಮೊದಲು ಅದನ್ನು ಮುಟ್ಟಿ ನೋಡಿ, ನಿಜವೇ ಎಂದು ಕೇಳಿ, ಆಮೇಲೆ ತಿಂಡಿ ಕೊಟ್ಟರು. ನಾನು ದಿನಾ ಬೆಳಿಗ್ಗೆ ಹೋಗಿ ನೆಲ ನೋಡಿ ಬರುತ್ತಿದ್ದೆ. ಶರಲ್ ಕೂಡ ನೋಡುತ್ತಿದ್ದಳು. ಮೂರು ರಾಯರ ಹಬ್ಬದ ಹಿಂದಿನ ದಿನ ಅವಳು ಅಂಗೈ ಮುಚ್ಚಿಕೊಂಡು ನನ್ನ ಅಡುಗೆಮನೆಗೆ ಬಂದಳು.

"ಆಯಿ, ಒಂದು ಬಿತ್ತು." ಅಂಗೈಯಲ್ಲಿ ಹಸಿರು ಎಲೆ. ಇನ್ನೊಂದು ಕೈಯಲ್ಲಿ ಹಿಡಿಸೂಡಿ. ಪೂರ್ತಿ ತಯಾರಿ ಮಾಡಿಯೇ ಬಂದಿದ್ದಳು.

ನಾನು ಅದನ್ನು ಉಗುರಲ್ಲಿ ಮಡಚಿದೆ. ಮುರಿಯಲಿಲ್ಲ, ನೆಟ್ಟಗೆ ಎದ್ದಿತು. ಮೂಸಿದೆ. ಹೊಸ ಬಕೆಟ್ಟಿನ ವಾಸನೆ. ಒಲೆಯ ಹತ್ತಿರ ಹಿಡಿದಾಗ ಸುರುಟಿ ಕಪ್ಪಾಗಿ ಹನಿಯಿತು. ಅಟ್ಟಕ್ಕೆ ಏರಿಸುವಾಗ ಅವಳ ಪೆಟ್ಟಿಗೆಯಿಂದ ಉದುರಿದ್ದು ಅದು. ಹತ್ತು ವರ್ಷ ಬಾಳುವ ಮರದ ಎಲೆ.

"ಹಿಡಿಸೂಡಿ ತಂದದ್ದು ಒಳ್ಳೇದಾಯ್ತು" ಅಂದೆ. "ನನ್ನ ಹಿತ್ತಲೂ ಗುಡಿಸದೆ ಎರಡು ದಿನ ಆಯ್ತು." ಹುಡುಗಿ ನಕ್ಕಳು, ಗುಡಿಸಿಯೂ ಹೋದಳು. ನನಗೆ ಅವಳ ಮೇಲೆ ಆಗ ಮೊದಲ ಸಲ ಪ್ರೀತಿ ಬಂತು. ಸೋಲಲು ಗೊತ್ತಿರುವವರು ಕಡಿಮೆ. ನನಗಂತೂ ಗೊತ್ತಿಲ್ಲ.

ಗೆದ್ದ ಮರುದಿನ ಗಿಡವನ್ನು ಒಳಗಿನಿಂದ ಅಂಗಳಕ್ಕೆ ಇಳಿಸುವಾಗ ಶರಲ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಇದನ್ನ ನಮ್ಮ ನೆಲ್ಲಿ ಪಕ್ಕ ಇಟ್ಟುಬಿಡುವಾ. ಇನ್ನು ಪ್ರತಿ ವರ್ಷ ನಮ್ಮದೇ ಮರ. ಆಯಿಗೆ ಮರ ತರೂ ಕಷ್ಟ ಮುಗೀತು."

ನನ್ನ ಕೈ ಕುಂಡದ ಮೇಲೆಯೇ ನಿಂತಿತು. ಬೇರು ಇದ್ದ ಮರ ಬೇಕೆಂದು ಹಠ ಹಿಡಿದವಳಿಗೆ ಇದು ಹೊಳೆದೇ ಇರಲಿಲ್ಲ. ಕಡಿದ ಟೊಂಗೆ ಒಣಗುತ್ತಿತ್ತು, ಅದಕ್ಕೇ ಮುಂದಿನ ವರ್ಷ ಇನ್ನೊಂದು ಬೇಕಾಗುತ್ತಿತ್ತು. ಬದುಕುವ ಮರ ತಂದು ನಾನೇ ನನ್ನ ಕೆಲಸ ಕಳೆದುಕೊಂಡಿದ್ದೆ.

ಆಗ ಕಾರ್ಮೆಲಿನ್ ಕುರ್ಚಿಯಿಂದ ಬಾಯಿ ಬಿಟ್ಟಳು. ಕಾರ್ತಿಕದಲ್ಲಿ ಮುಚ್ಚಿದ್ದ ಬಾಯಿ ಅದು. "ಎರಡೂ ಮರ ಒಂದೇ ಹಿತ್ತಲಲ್ಲಿದ್ರೆ ಈಕೆ ಇಲ್ಲಿಗೆ ಎಂತಕ್ಕೆ ಬರ್ಬೇಕು, ನಾನು ಅಲ್ಲಿಗೆ ಎಂತಕ್ಕೆ ಹೋಗ್ಬೇಕು? ಗಿಡ ಗೋಡೆ ಆಚೆ ಕಳಿಸು. ನಾತಾಳಕ್ಕೆ ನಾನೇ ಹೋಗಿ ಕೇಳ್ತೆ. ಕೊಡದಿದ್ರೆ ಕದ್ದು ತತ್ತೆ."

ಭುಜದೆತ್ತರದ ಮರವನ್ನು ಸೆರಗಿನೊಳಗೆ ಹ್ಯಾಗೆ ತರುತ್ತೀ ಎಂದು ನಾನು ಕೇಳಲಿಲ್ಲ. ಆ ಹೆಂಗಸಿನ ಕೈಯಿಂದ ಏನೂ ಆದೀತು.

ಗಿಡ ಈಗ ನನ್ನ ಹಿತ್ತಲಲ್ಲಿ, ದೊಡ್ಡ ಕುಂಡದಲ್ಲಿ ಇದೆ. ಎಂಟನೆಯ ಮಹಡಿ ಬಿಟ್ಟಿದೆ. ಸಂಜೆ ಹೊತ್ತಿಗೆ ಶರಲ್ ಗೋಡೆಯ ಮೇಲೆ ಬಗ್ಗಿ, "ಆಯಿ, ನಮ್ಮ ಮರಕ್ಕೆ ನೀರು ಹಾಕಿದ್ರಾ?" ಎಂದು ಕೇಳುತ್ತಾಳೆ. "ನನ್ನ ನೆಲ್ಲಿಗೆ ನೀ ಹಾಕಿದ್ಯಾ?" ಎಂದು ನಾನು ಕೇಳುತ್ತೇನೆ. ಇಬ್ಬರೂ ಹಾಕಿರುತ್ತೇವೆ. ಅದು ಇಬ್ಬರಿಗೂ ಗೊತ್ತು. ಆದರೂ ಕೇಳುವುದನ್ನು ಬಿಟ್ಟಿಲ್ಲ.